ಅಪ್‌ಗ್ರೇಡ್ ನಿರ್ಧಾರವಾಗುವುದು ಟಿಕೆಟ್ ಕೊಳ್ಳುವ ದಿನ: ದೂರದ ವಿಮಾನಯಾನಕ್ಕೆ ಪಾಯಿಂಟ್ ಬಳಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಬೆಂಗಳೂರಿನಿಂದ ಹೊರಡುವ ಹಿರಿಯರು ಮನೆಯ ಬಾಗಿಲಿನಿಂದ ಬಾಗಿಲಿಗೆ ಒಂದು ಹಗಲು, ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಪ್ರಯಾಣದಲ್ಲಿರುತ್ತಾರೆ. ಅದರಲ್ಲಿ ಒಂದೇ ಹಾರಾಟ ಹದಿನೈದು ಹದಿನಾರು ಗಂಟೆ ನಡೆಯುವುದುಂಟು. ಕಾಲು ಊದಿಕೊಳ್ಳುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ, ಇಳಿದ ಮೇಲೆ ಒಂದು ವಾರ ಮೈ ಸುಧಾರಿಸುವುದಿಲ್ಲ. ಇಷ್ಟಾದರೂ ಅದೇ ಮನೆಯ ಮಕ್ಕಳ ಕ್ರೆಡಿಟ್ ಕಾರ್ಡ್‌ಗಳಲ್ಲಿ, ಏರ್‌ಲೈನ್ ಖಾತೆಗಳಲ್ಲಿ ಸಾವಿರಾರು ಪಾಯಿಂಟ್‌ಗಳು ಬಿದ್ದಿರುತ್ತವೆ. ಅವು ಅವಧಿ ಮುಗಿದು ಹೋಗುತ್ತವೆ, ಇಲ್ಲವೇ ಬ್ಯಾಂಕಿನ ಕ್ಯಾಟಲಾಗಿನ ಮಿಕ್ಸಿಗೆ, ಟ್ರಾಲಿ ಬ್ಯಾಗಿಗೆ ಖರ್ಚಾಗುತ್ತವೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಆ ಪಾಯಿಂಟ್‌ಗಳಿಂದ ಅಮ್ಮ ಅಪ್ಪ ಒಂದು ರಾತ್ರಿಯಾದರೂ ಕಾಲು ಚಾಚಿ ಮಲಗಿ ಹೋಗಬಹುದಿತ್ತು.

ಚೆಕ್-ಇನ್ ಕೌಂಟರಿನಲ್ಲಿ ನಯವಾಗಿ ಕೇಳಿದರೆ, ಒಳ್ಳೆಯ ಬಟ್ಟೆ ತೊಟ್ಟು ಹೋದರೆ ಅಪ್‌ಗ್ರೇಡ್, ಅಂದರೆ ಕೊಂಡದ್ದಕ್ಕಿಂತ ಮೇಲಿನ ದರ್ಜೆಯ ಸೀಟು, ಸಿಗುತ್ತದೆ ಎಂಬ ನಂಬಿಕೆ ಬಹಳ ಮಂದಿಗೆ ಇದೆ. ಅದನ್ನು ಮೊದಲು ಬಿಡಬೇಕು. ಇಕಾನಮಿಯಲ್ಲಿ ಸೀಟು ಮೀರಿ ಟಿಕೆಟ್ ಮಾರಾಟವಾಗಿ ಯಾರನ್ನಾದರೂ ಮೇಲಿನ ದರ್ಜೆಗೆ ಕಳುಹಿಸಲೇಬೇಕಾಗಿ ಬಂದಾಗ, ಏರ್‌ಲೈನ್ ಸಾಮಾನ್ಯವಾಗಿ ಪದೇ ಪದೇ ಹಾರುವ ತನ್ನ ಗೋಲ್ಡ್, ಪ್ಲಾಟಿನಂ ಸದಸ್ಯರನ್ನು ಮುಂದಿಡುತ್ತದೆ. ಉಳಿದವರ ಅಪ್‌ಗ್ರೇಡ್ ಸಾಧ್ಯವೋ ಅಲ್ಲವೋ ಎಂಬುದು ಟಿಕೆಟ್ ಕೊಂಡ ದಿನವೇ, ಯಾವ ದರದ ಟಿಕೆಟ್ ಕೊಂಡರು ಎಂಬುದರ ಮೇಲೆ ಬಹುಪಾಲು ತೀರ್ಮಾನವಾಗಿರುತ್ತದೆ. ಮುಂದಿನ ಹಂತಗಳೆಲ್ಲ ಆ ದಿನಕ್ಕೆ ತಯಾರಾಗುವ ಬಗೆ.

ಹಂತ 1: ಹೆಸರು ಸರಿಪಡಿಸಿಕೊಳ್ಳಿ

ಬೇರೆ ಮಾರ್ಗದರ್ಶಿಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮವರಿಗೆ ಹೆಚ್ಚು ತೊಡಕಾಗುವುದು ಇಲ್ಲಿಯೇ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಎಂಬುದೇ ಇರುವುದಿಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಅವನ್ನು ಬಿಡಿಸಿ ಬರೆಯುತ್ತಾರೆ, ಅಥವಾ ಸರ್‌ನೇಮ್ ಜಾಗ ಖಾಲಿ ಉಳಿಯುತ್ತದೆ. ಹಾಗೆ ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗುತ್ತದೆ. ಏರ್‌ಲೈನ್‌ಗಳಲ್ಲಿ ಒಬ್ಬರು ಅದನ್ನೇ ಟಿಕೆಟ್ಟಿನಲ್ಲಿ ಹಾಕುತ್ತಾರೆ, ಇನ್ನೊಬ್ಬರು ಒಂದೇ ಹೆಸರನ್ನು ಎರಡು ಸಲ ಬರೆಯುತ್ತಾರೆ.

ಫ್ರೀಕ್ವೆಂಟ್ ಫ್ಲೈಯರ್ ಖಾತೆಯ (ಏರ್‌ಲೈನಿನ ಪಾಯಿಂಟ್ ಖಾತೆಯ) ಹೆಸರು ಟಿಕೆಟ್ಟಿನ ಹೆಸರಿಗೆ ಹೊಂದದಿದ್ದರೆ ಪಾಯಿಂಟ್ ಜಮೆಯಾಗದೆ ಉಳಿಯಬಹುದು. ಬ್ಯಾಂಕಿನಿಂದ ವರ್ಗಾಯಿಸುವಾಗಲೂ ಕಾರ್ಡಿನ ಹೆಸರು ಮತ್ತು ಖಾತೆಯ ಹೆಸರು ಬೇರೆಯಾಗಿದ್ದರೆ ವರ್ಗಾವಣೆ ತಿರಸ್ಕೃತವಾಗಬಹುದು. ಆದ್ದರಿಂದ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಇರುವ ಕ್ರಮದಲ್ಲಿಯೇ ಖಾತೆ ತೆರೆಯಿರಿ. ಹಳೆಯ ಖಾತೆಯಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ ಈಗಲೇ ತಿದ್ದಿಸಿ. ಪ್ರಯಾಣ ಹತ್ತಿರ ಬಂದಾಗ ಈ ಕೆಲಸ ಹಿಡಿದರೆ ಆಗುವುದಿಲ್ಲ.

ಹಂತ 2: ಒಂದೆರಡು ಖಾತೆಗಳಿಗೆ ನಿಷ್ಠರಾಗಿರಿ

ಪ್ರತಿ ಏರ್‌ಲೈನಿನಲ್ಲೂ ಮೂರು ಸಾವಿರ, ನಾಲ್ಕು ಸಾವಿರ ಪಾಯಿಂಟ್ ಚದುರಿಸಿ ಇಟ್ಟರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಮಕ್ಕಳು ಎಲ್ಲಿದ್ದಾರೆ, ನೀವು ಹೆಚ್ಚಾಗಿ ಯಾವ ದಿಕ್ಕಿಗೆ ಹಾರುತ್ತೀರಿ ಎಂಬುದನ್ನು ನೋಡಿ ಆರಿಸಿ.

ಆಸ್ಟ್ರೇಲಿಯಾ, ಸಿಂಗಪುರ, ಅಮೆರಿಕದ ಪಶ್ಚಿಮ ತೀರದ ಕಡೆ ಹೋಗುವವರಿಗೆ ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಎಂಬ ಪಾಯಿಂಟ್ ಯೋಜನೆ ಒಳ್ಳೆಯ ಆಯ್ಕೆ. ಒಬ್ಬ ಸದಸ್ಯ ಐವರನ್ನು ನಾಮಿನಿಗಳಾಗಿ ಸೇರಿಸಿ ಅವರಿಗಾಗಿ ಮೈಲ್ಸ್ (ಅಲ್ಲಿ ಪಾಯಿಂಟ್‌ಗಳಿಗೆ ಇರುವ ಹೆಸರು) ಖರ್ಚು ಮಾಡಬಹುದು. ಅಂದರೆ ಸಿಂಗಪುರದಲ್ಲಿರುವ ಮಗ ತನ್ನ ಖಾತೆಯಿಂದ ಮೈಸೂರಿನಲ್ಲಿರುವ ಅಮ್ಮನಿಗೆ ಟಿಕೆಟ್ ಮಾಡಿಸಬಹುದು. ಲಂಡನ್, ದೋಹಾ ಮಾರ್ಗದವರಿಗೆ ಏವಿಯೋಸ್ ಎಂಬ ಪಾಯಿಂಟ್ ಅನುಕೂಲ. ಕತಾರ್ ಏರ್‌ವೇಸ್ 2022ರಲ್ಲಿ ತನ್ನ ಪಾಯಿಂಟ್‌ಗಳನ್ನು ಏವಿಯೋಸ್‌ಗೆ ಬದಲಾಯಿಸಿದ ಮೇಲೆ ಬ್ರಿಟಿಷ್ ಏರ್‌ವೇಸ್ ಖಾತೆಗೂ ಕತಾರ್ ಖಾತೆಗೂ ನಡುವೆ ಒಂದಕ್ಕೊಂದರ ಲೆಕ್ಕದಲ್ಲಿ ಪಾಯಿಂಟ್ ಸಾಗಿಸಬಹುದು. ಎರಡೂ ಕಡೆ ವಿವರಗಳು ಹೊಂದಬೇಕು. ಮತ್ತೆ ಅದೇ ಹೆಸರಿನ ವಿಷಯ. ದುಬೈ ಮೂಲಕ ಹೋಗುವವರಿಗೆ ಎಮಿರೇಟ್ಸ್‌ನ ಸ್ಕೈವರ್ಡ್ಸ್ ಇದೆ. ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಈಗ ಮಹಾರಾಜ ಕ್ಲಬ್ ಆಗಿದೆ. 2024ರ ನವೆಂಬರ್‌ನಲ್ಲಿ ವಿಸ್ತಾರಾ ವಿಲೀನವಾದಾಗ ಅದರ ಸದಸ್ಯರ ಪಾಯಿಂಟ್‌ಗಳೂ ಏರ್ ಇಂಡಿಯಾಕ್ಕೆ ಬಂದವು. ವಿಸ್ತಾರಾದಲ್ಲಿ ಹಾರಿದ್ದವರು ಆ ಹಳೆಯ ಖಾತೆ ಏನಾಯಿತೆಂದು ಒಮ್ಮೆ ನೋಡಿಕೊಳ್ಳಿ.

ಅವಧಿಯ ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಕ್ರಿಸ್‌ಫ್ಲೈಯರ್ ಮೈಲ್ಸ್ ಗಳಿಸಿದ ಮೂರು ವರ್ಷಕ್ಕೆ ಮುಗಿಯುತ್ತವೆ. ನಡುವೆ ಎಷ್ಟು ಸಲ ಹಾರಿದರೂ ಹಳೆಯ ಮೈಲ್ಸ್‌ನ ಆಯುಷ್ಯ ಬೆಳೆಯುವುದಿಲ್ಲ. ಏವಿಯೋಸ್ ಹಾಗಲ್ಲ. ಮೂರು ವರ್ಷದೊಳಗೆ ಸ್ವಲ್ಪ ಗಳಿಸಿದರೂ ಖರ್ಚು ಮಾಡಿದರೂ ಇಡೀ ಖಾತೆ ಜೀವಂತವಾಗಿರುತ್ತದೆ. ಸ್ಕೈವರ್ಡ್ಸ್‌ನಲ್ಲಿ ಮೂರನೆಯ ವರ್ಷ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಅವಧಿ ಮುಗಿಯುತ್ತದೆ.

ಹಂತ 3: ಕಾರ್ಡಿನ ಪಾಯಿಂಟ್‌ಗಳನ್ನು ಕಾರ್ಡಿನಲ್ಲೇ ಬಿಡಿ

ವರ್ಷಕ್ಕೊಮ್ಮೆ ವಿದೇಶಕ್ಕೆ ಹೋಗುವವರಿಗೆ ಹಾರಾಟದಿಂದಲೇ ಸಾಕಷ್ಟು ಪಾಯಿಂಟ್ ಸೇರುವುದಿಲ್ಲ. ರಾಶಿ ಬೆಳೆಯುವುದು ಕ್ರೆಡಿಟ್ ಕಾರ್ಡಿನಿಂದ. ಎಚ್‌ಡಿಎಫ್‌ಸಿ, ಆಕ್ಸಿಸ್, ಎಚ್‌ಎಸ್‌ಬಿಸಿ, ಅಮೆರಿಕನ್ ಎಕ್ಸ್‌ಪ್ರೆಸ್ ಮೊದಲಾದವರ ಕೆಲವು ಕಾರ್ಡ್‌ಗಳ ಪಾಯಿಂಟ್‌ಗಳನ್ನು ಏರ್‌ಲೈನ್ ಖಾತೆಗೆ ವರ್ಗಾಯಿಸಬಹುದು. ಅನುಪಾತ ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ. ವರ್ಷಕ್ಕೆ ಇಷ್ಟೇ ವರ್ಗಾಯಿಸಬಹುದು ಎಂಬ ಮಿತಿಯೂ ಕೆಲವು ಕಡೆ ಇದೆ. ಸೀಟು ಬೇಕಾದ ತಿಂಗಳಲ್ಲಿ ಮಿತಿ ಅಡ್ಡ ಬರದಂತೆ ಮೊದಲೇ ತಿಳಿದಿರಲಿ.

ಬ್ಯಾಂಕಿನಿಂದ ಏರ್‌ಲೈನಿಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಬ್ಯಾಂಕಿನಲ್ಲಿ ಇರುವ ತನಕ ಅದು ಹತ್ತು ಕಡೆ ಹೋಗಬಲ್ಲದು, ಒಮ್ಮೆ ದಾಟಿದರೆ ಆ ಏರ್‌ಲೈನಿನ ನಿಯಮಕ್ಕೆ ಒಳಪಟ್ಟಿತು. ಸೀಟು ಇದೆ ಎಂದು ಕಣ್ಣಾರೆ ಕಂಡ ಮೇಲೆಯೇ ವರ್ಗಾಯಿಸಿ. ಕೆಲವು ವರ್ಗಾವಣೆಗಳು ಕ್ಷಣದಲ್ಲಿ ಆಗುತ್ತವೆ, ಕೆಲವಕ್ಕೆ ದಿನಗಳು ಬೇಕು. ನಿಧಾನದ ಕಡೆಗೆ ಮೊದಲು ಸಣ್ಣ ಮೊತ್ತ ಕಳುಹಿಸಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಪಾಯಿಂಟಿನ ಆಸೆಗೆ ಕಾರ್ಡಿನ ಬಾಕಿ ಉಳಿಸಿಕೊಳ್ಳಬೇಡಿ. ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸಿನ ಬಡ್ಡಿಯ ಮುಂದೆ ಯಾವ ಪಾಯಿಂಟೂ ನಿಲ್ಲುವುದಿಲ್ಲ.

ಹಂತ 4: ಯಾವ ಹಾರಾಟಕ್ಕೆ ಖರ್ಚು ಮಾಡಬೇಕು?

ಹೋಗಿ ಬರುವ ನಾಲ್ಕೂ ಹಾರಾಟಗಳನ್ನು ಮೇಲಿನ ದರ್ಜೆಗೆ ಏರಿಸುವಷ್ಟು ಪಾಯಿಂಟ್ ಹೆಚ್ಚಿನವರ ಬಳಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು. ಮೊದಲನೆಯದಕ್ಕೆ ಪಾಯಿಂಟ್ ಸುರಿಯುವುದು ವ್ಯರ್ಥ. ಊಟ ಮುಗಿಯುವುದರೊಳಗೆ ಇಳಿಯುವ ಹೊತ್ತಾಗಿರುತ್ತದೆ. ಹಲವು ಏರ್‌ಲೈನ್‌ಗಳಲ್ಲಿ ಒಂದೊಂದು ಹಾರಾಟವನ್ನೂ ಬೇರೆಬೇರೆಯಾಗಿ ಅಪ್‌ಗ್ರೇಡ್ ಮಾಡಬಹುದು. ಉದ್ದನೆಯದನ್ನು ಮಾತ್ರ ಆರಿಸಿ.

ನಂತರ ಗಡಿಯಾರ ನೋಡಿ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಇಡೀ ದಿನದ ಓಡಾಟ, ದೇವನಹಳ್ಳಿಯವರೆಗಿನ ದಾರಿ, ಇಮಿಗ್ರೇಷನ್ ಸಾಲು ಎಲ್ಲ ಮುಗಿಸಿ ಹತ್ತಿದವರಿಗೆ ಮಲಗುವ ಸೀಟು ಬೇಕಾಗುವುದು ಆಗ. ವಾಪಸ್ ಬರುವಾಗ ಯುರೋಪಿನಿಂದ ಹಗಲಿನಲ್ಲಿ ಹೊರಡುವ ವಿಮಾನದಲ್ಲಿ ಇಕಾನಮಿಯ ಸೀಟೂ ಸಹಿಸಬಹುದು. ಪಾಯಿಂಟ್ ಒಂದೇ ದಿಕ್ಕಿಗೆ ಸಾಕಾಗುವಷ್ಟಿದ್ದರೆ ರಾತ್ರಿಯ ಹಾರಾಟಕ್ಕೆ ಮೀಸಲಿಡಿ. ಪಾಯಿಂಟ್ ಒಬ್ಬರಿಗೇ ಸಾಕಾಗುವಷ್ಟಿದ್ದು, ಹೊರಟವರು ಇಬ್ಬರಾದರೆ ಮಂಡಿ ನೋವಿರುವವರಿಗೆ ಕೊಡಿ. ಜೋಡಿಯಾಗಿಯೇ ಕೂರಬೇಕೆನ್ನುವವರಿಗೆ ಇಬ್ಬರಿಗೂ ಪ್ರೀಮಿಯಂ ಇಕಾನಮಿ ಎಂಬ ನಡುವಿನ ದಾರಿ ಇದೆ. ಅದರಲ್ಲಿ ಮಲಗಲಾಗುವುದಿಲ್ಲ, ಆದರೆ ಸೀಟು ಅಗಲ, ಕಾಲಿಡಲು ಆಸರೆ, ಮುಂದೆ ಜಾಗ ಸಿಗುತ್ತವೆ.

ವಿಮಾನದ ಮಾದರಿಯನ್ನೂ ನೋಡಬೇಕು. ಏರ್ ಇಂಡಿಯಾದ ಎ350ರ ಬಿಸಿನೆಸ್ ಕ್ಲಾಸಿನಲ್ಲಿ 28 ಸೀಟುಗಳು, ಪ್ರತಿಯೊಂದಕ್ಕೂ ಬಾಗಿಲು, ಪ್ರತಿಯೊಬ್ಬರಿಗೂ ನೇರ ನಡುದಾರಿ. ಅದೇ ಏರ್‌ಲೈನಿನ ಹಳೆಯ ಬೋಯಿಂಗ್ 777ರಲ್ಲಿ ಸೀಟುಗಳು ಎರಡು, ಮೂರು, ಎರಡು ಎಂದು ಸಾಲಾಗಿವೆ. ಕಿಟಕಿ ಬದಿಯಲ್ಲಿ ಮಲಗಿದ ಹಿರಿಯರು ನಡುರಾತ್ರಿ ಶೌಚಾಲಯಕ್ಕೆ ಏಳಬೇಕಾದರೆ ಪಕ್ಕದವರ ಕಾಲು ದಾಟಿ ಹೋಗಬೇಕು. ಕೇಳುವ ಪಾಯಿಂಟ್ ಹತ್ತಿರ ಹತ್ತಿರವೇ ಇದ್ದರೂ ಸಿಗುವ ಸುಖದಲ್ಲಿ ಬಹಳ ಅಂತರ. ಬುಕ್ ಮಾಡುವ ಮುನ್ನ ಸೀಟಿನ ನಕ್ಷೆ ತೆರೆದು ನೋಡಿ.

ಹಂತ 5: ಅಪ್‌ಗ್ರೇಡೋ, ಪೂರ್ತಿ ಪಾಯಿಂಟ್ ಟಿಕೆಟ್ಟೋ?

ಎರಡು ದಾರಿಗಳಿವೆ. ಹಣ ಕೊಟ್ಟು ಇಕಾನಮಿ ಅಥವಾ ಪ್ರೀಮಿಯಂ ಇಕಾನಮಿ ಟಿಕೆಟ್ ಕೊಂಡು ಪಾಯಿಂಟ್‌ನಿಂದ ಮೇಲೇರುವುದು ಒಂದು. ಬಿಸಿನೆಸ್ ಕ್ಲಾಸ್ ಟಿಕೆಟ್ಟನ್ನೇ ಪಾಯಿಂಟ್ ಮತ್ತು ತೆರಿಗೆ ಕೊಟ್ಟು ಕೊಳ್ಳುವುದು ಇನ್ನೊಂದು.

ಅಪ್‌ಗ್ರೇಡ್ ಸಾಮಾನ್ಯವಾಗಿ ಒಂದೇ ಮೆಟ್ಟಿಲು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಇಕಾನಮಿಯವರು ಪ್ರೀಮಿಯಂ ಇಕಾನಮಿಗೆ ಏರಬಹುದು, ಇಕಾನಮಿಯಿಂದ ನೇರ ಬಿಸಿನೆಸ್‌ಗೆ ಹಾರುವಂತಿಲ್ಲ. ಸಿಂಗಪುರ್ ಏರ್‌ಲೈನ್ಸ್‌ನಲ್ಲೂ ಹಾಗೆಯೇ, ಆದರೆ ಆ ವಿಮಾನದಲ್ಲಿ ಪ್ರೀಮಿಯಂ ಇಕಾನಮಿ ಇಲ್ಲದಿದ್ದರೆ ಇಕಾನಮಿಯ ಮುಂದಿನ ಮೆಟ್ಟಿಲು ಬಿಸಿನೆಸ್ಸೇ. ಸಿಂಗಪುರದಿಂದ ನ್ಯೂಯಾರ್ಕ್ ಕಡೆಗೆ ತಡೆರಹಿತವಾಗಿ ಹೋಗುವ ಅದರ ಎ350 ಯುಎಲ್‌ಆರ್ ವಿಮಾನದಲ್ಲಿ ಇಕಾನಮಿಯೇ ಇಲ್ಲ: 94 ಪ್ರೀಮಿಯಂ ಇಕಾನಮಿ, 67 ಬಿಸಿನೆಸ್. ಹದಿನೆಂಟು ಗಂಟೆ ಮೀರುವ ಆ ಹಾರಾಟದಲ್ಲಿ ಕೆಳಗಿನ ಮೆಟ್ಟಿಲಿಂದ ಬಿಸಿನೆಸ್‌ಗೆ ಒಂದೇ ಹೆಜ್ಜೆ. ಪಾಯಿಂಟ್ ಇದ್ದವರು ಗಮನಿಸಬೇಕಾದ ಮಾರ್ಗ ಅದು.

ಪೂರ್ತಿ ಪಾಯಿಂಟ್ ಟಿಕೆಟ್ ನನ್ನ ದೃಷ್ಟಿಯಲ್ಲಿ ಬಹಳ ಸಂದರ್ಭಗಳಲ್ಲಿ ಮೇಲು. ಒಂದೇ ದಿಕ್ಕಿಗೆ ಮಾಡಿಸಬಹುದು. ಶುಲ್ಕ ಕೊಟ್ಟು ರದ್ದು ಮಾಡಿದರೆ ಪಾಯಿಂಟ್ ಹಿಂದಕ್ಕೆ ಬರುವುದು ರೂಢಿ. ಹೆರಿಗೆ ದಿನಾಂಕ ಹಿಂದುಮುಂದಾಗುವ ಪ್ರಯಾಣಗಳಿಗೆ ಇದು ದೊಡ್ಡ ನೆಮ್ಮದಿ. ತೊಂದರೆ ಇರುವುದು ತೆರಿಗೆಯ ಜೊತೆಗೆ ಸೇರಿಕೊಳ್ಳುವ ಸರ್‌ಚಾರ್ಜ್‌ನಲ್ಲಿ, ಅಂದರೆ ಏರ್‌ಲೈನ್ ತಾನೇ ಹಾಕುವ ಹೆಚ್ಚುವರಿ ಶುಲ್ಕದಲ್ಲಿ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ, ಎಮಿರೇಟ್ಸ್‌ಗಳಲ್ಲಿ ಅದು ಭಾರವಾಗಿಯೇ ಇರುತ್ತದೆ. ಸಿಂಗಪುರ್ ಏರ್‌ಲೈನ್ಸ್ ತನ್ನ ವಿಮಾನಗಳ ಪಾಯಿಂಟ್ ಟಿಕೆಟ್‌ಗೆ ಇಂಧನ ಸರ್‌ಚಾರ್ಜ್ ಹಾಕುವುದನ್ನು 2017ರಲ್ಲೇ ನಿಲ್ಲಿಸಿತು.

ಲಂಡನ್‌ನಿಂದ ಹೊರಡುವವರು ಇನ್ನೊಂದು ಲೆಕ್ಕ ಹಿಡಿಯಬೇಕು. ಬ್ರಿಟನ್ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿ ಭಾರತಕ್ಕೆ ಹೊರಡುವವರಿಗೆ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಇಕಾನಮಿಗೆ 90 ಪೌಂಡ್, ಮೇಲಿನ ದರ್ಜೆಗಳಿಗೆ 216 ಪೌಂಡ್ ಇತ್ತು. ಅಪ್‌ಗ್ರೇಡ್ ಮಾಡಿಸಿದರೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಲಂಡನ್‌ಗೆ ಬಂದಿಳಿಯುವಾಗ ಈ ತೆರಿಗೆ ಇಲ್ಲ, ಒಂದೇ ಟಿಕೆಟ್ಟಿನಲ್ಲಿ ಅಲ್ಲಿ ವಿಮಾನ ಬದಲಿಸಿ 24 ಗಂಟೆಯೊಳಗೆ ಮುಂದೆ ಹೋಗುವವರಿಗೂ ಇಲ್ಲ. ಹೀಗಾಗಿ ಬೆಂಗಳೂರು–ಲಂಡನ್ ಕಡೆಗೆ ಬಿಸಿನೆಸ್, ವಾಪಸ್‌ಗೆ ಇಕಾನಮಿ ಎಂದು ಹಂಚಿಕೊಂಡರೆ ಉಳಿತಾಯ.

ಹಂತ 6: ಟಿಕೆಟ್ ಓದುವುದನ್ನು ಕಲಿಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಇ-ಟಿಕೆಟ್ ತೆರೆದರೆ ವಿಮಾನದ ಸಂಖ್ಯೆಯ ಪಕ್ಕದಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ ಕಾಣುತ್ತದೆ. ಅದು ಬುಕಿಂಗ್ ಕ್ಲಾಸ್. ಇಬ್ಬರು ಅಕ್ಕಪಕ್ಕದ ಇಕಾನಮಿ ಸೀಟಿನಲ್ಲಿ ಕುಳಿತು ಒಂದೇ ಉಪ್ಪಿಟ್ಟು ತಿಂದರೂ ಒಬ್ಬರದು ಪೂರ್ಣ ದರದ ವೈ ಆಗಿರಬಹುದು, ಇನ್ನೊಬ್ಬರದು ಅತಿ ಅಗ್ಗದ ಅಕ್ಷರವಾಗಿರಬಹುದು. ಮೊದಲನೆಯವರಿಗೆ ಅಪ್‌ಗ್ರೇಡ್ ತೆರೆದಿದೆ, ಎರಡನೆಯವರಿಗೆ ಎಷ್ಟು ಪಾಯಿಂಟ್ ಇದ್ದರೂ ಮುಚ್ಚಿದೆ.

ಸಿಂಗಪುರ್ ಏರ್‌ಲೈನ್ಸ್‌ನ ಇಕಾನಮಿ ಲೈಟ್ ದರಕ್ಕೆ ಮೈಲ್ಸ್‌ನಿಂದ ಅಪ್‌ಗ್ರೇಡ್ ಇಲ್ಲ. ಎಮಿರೇಟ್ಸ್‌ನ ಸ್ಪೆಷಲ್ ದರಕ್ಕೂ ಇಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲೂ ತೀರಾ ಕೆಳಗಿನ ಬುಕಿಂಗ್ ಕ್ಲಾಸ್‌ಗಳನ್ನು ಹೊರಗಿಟ್ಟಿದ್ದಾರೆ. ದರ ಹೋಲಿಸುವ ಜಾಲತಾಣಗಳಲ್ಲಿ ಮೊದಲ ಸಾಲಿಗೆ ಬರುವುದು ಇವೇ ಟಿಕೆಟ್‌ಗಳು. ಎರಡು ಮೂರು ಸಾವಿರ ಉಳಿಸಿದೆವೆಂದು ಅದನ್ನು ಒತ್ತಿದ ಕ್ಷಣಕ್ಕೆ ಪಾಯಿಂಟಿನ ದಾರಿ ಮುಚ್ಚಿಹೋಯಿತು.

ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿಗಳನ್ನೂ ನೋಡಿ. ಟಿಕೆಟ್ ಕೊಟ್ಟವರು ಯಾರೆಂದು ಅವು ಹೇಳುತ್ತವೆ: 098 ಏರ್ ಇಂಡಿಯಾ, 618 ಸಿಂಗಪುರ್ ಏರ್‌ಲೈನ್ಸ್, 125 ಬ್ರಿಟಿಷ್ ಏರ್‌ವೇಸ್, 176 ಎಮಿರೇಟ್ಸ್, 157 ಕತಾರ್, 220 ಲುಫ್ತಾನ್ಸಾ. ಕೋಡ್‌ಶೇರ್ ಟಿಕೆಟ್‌ನಲ್ಲಿ ಒಬ್ಬರ ಸಂಖ್ಯೆ ಹೊತ್ತ ಹಾರಾಟವನ್ನು ಇನ್ನೊಬ್ಬರ ವಿಮಾನ ನಡೆಸುತ್ತದೆ. ಟಿಕೆಟ್ ಕೊಟ್ಟವರು, ಹಾರಾಟದ ಸಂಖ್ಯೆ, ವಿಮಾನ ನಡೆಸುವವರು, ನಿಮ್ಮ ಪಾಯಿಂಟ್ ಖಾತೆ, ಈ ನಾಲ್ಕೂ ಒಂದೇ ಏರ್‌ಲೈನಿನವಾಗಿದ್ದರೆ ಅಪ್‌ಗ್ರೇಡ್ ಸಲೀಸು. ಒಂದು ಬೇರೆಯಾದರೂ ತೊಡಕು ಶುರು. ಸ್ಟಾರ್ ಅಲಯನ್ಸ್ ಎಂಬ ಏರ್‌ಲೈನ್‌ಗಳ ಒಕ್ಕೂಟದಲ್ಲಿ ಒಬ್ಬರ ಪಾಯಿಂಟ್‌ನಿಂದ ಇನ್ನೊಬ್ಬರ ವಿಮಾನದಲ್ಲಿ ಅಪ್‌ಗ್ರೇಡ್ ಮಾಡಿಸುವ ಸೌಲಭ್ಯ ಇದೆ, ಆದರೆ ಅದಕ್ಕೆ ಬಹುಪಾಲು ಪೂರ್ಣ ದರದ ಇಕಾನಮಿ ಟಿಕೆಟ್ ಬೇಕು. ಆ ದುಡ್ಡಿಗೆ ಪ್ರೀಮಿಯಂ ಇಕಾನಮಿಯನ್ನೇ ಕೊಳ್ಳಬಹುದು.

ಟ್ರಾವೆಲ್ ಏಜೆಂಟ್ ಮೂಲಕ ಕೊಳ್ಳುವವರು, ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಬುಕಿಂಗ್ ಕ್ಲಾಸ್ ಯಾವುದು? ಇದು ಗ್ರೂಪ್ ದರವೇ? ಏರ್‌ಲೈನ್ ನೇರವಾಗಿ ಪಾಯಿಂಟ್ ಅಪ್‌ಗ್ರೇಡ್ ಮಾಡಲು ಈ ಟಿಕೆಟ್ ಬಿಡುತ್ತದೆಯೇ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ನನ್ನ ಸಲಹೆ ಕೇಳಿದರೆ, ಅಪ್‌ಗ್ರೇಡ್ ಉದ್ದೇಶವಿದ್ದಾಗ ಏರ್‌ಲೈನಿನಿಂದಲೇ ನೇರವಾಗಿ ಕೊಳ್ಳಿ.

ಹಂತ 7: ಲೆಕ್ಕ ಹಾಕಿ

ಲೆಕ್ಕದ ಬಗೆ ತಿಳಿಯಲೆಂದು ಕೆಲವು ಅಂಕಿ ಹಿಡಿಯೋಣ. ಒಂದು ದಿಕ್ಕಿನ ಅಪ್‌ಗ್ರೇಡಿಗೆ 50,000 ಪಾಯಿಂಟ್ ಮತ್ತು 6,000 ರೂಪಾಯಿ ತೆರಿಗೆ ವ್ಯತ್ಯಾಸ ಕೇಳಿದ್ದಾರೆ. ಅಪ್‌ಗ್ರೇಡ್ ಬಿಡುವ ದರ ಅಗ್ಗದ ದರಕ್ಕಿಂತ 12,000 ಹೆಚ್ಚು. ಇಕಾನಮಿಗೂ ಬಿಸಿನೆಸ್‌ಗೂ ಒಂದು ದಿಕ್ಕಿನ ಬೆಲೆ ವ್ಯತ್ಯಾಸ 80,000. ಆಗ 80,000ದಲ್ಲಿ 18,000 ಕಳೆದು ಉಳಿದ 62,000ವನ್ನು 50,000ದಿಂದ ಭಾಗಿಸಿದರೆ ಪಾಯಿಂಟಿಗೆ 1 ರೂಪಾಯಿ 24 ಪೈಸೆ. ಚೆನ್ನಾಗಿಯೇ ಇದೆ.

ಆದರೆ ಅದೇ ಏರ್‌ಲೈನ್ ಹಣ ಕೊಟ್ಟರೆ 45,000ಕ್ಕೆ ಅಗ್ಗದ ಟಿಕೆಟ್ಟನ್ನೇ ಏರಿಸುತ್ತೇವೆ ಎನ್ನುತ್ತಿದ್ದರೆ? 45,000ದಲ್ಲಿ 18,000 ಕಳೆದರೆ 27,000. ಪಾಯಿಂಟಿನ ಬೆಲೆ 54 ಪೈಸೆಗೆ ಇಳಿಯಿತು. ಆಗ ಹಣ ಕೊಟ್ಟು ಏರಿ, ಪಾಯಿಂಟನ್ನು ಮುಂದಿನ ಪ್ರಯಾಣಕ್ಕೆ ಉಳಿಸುವುದೇ ಲೇಸು. ಬಿಸಿನೆಸ್ ಕ್ಲಾಸಿನ ಪಟ್ಟಿ ಬೆಲೆಯ ಜೊತೆ ಹೋಲಿಸಿ ಸಂತೋಷಪಡುವುದು ಸುಲಭ. ಹೋಲಿಸಬೇಕಾದದ್ದು ನೀವು ನಿಜವಾಗಿ ಕೊಡಬೇಕಾಗಿದ್ದ ಅತಿ ಕಡಿಮೆ ಬೆಲೆಯ ಜೊತೆ.

ಭಾರತದಿಂದ ಹೊರಡುವ ಟಿಕೆಟ್‌ಗಳಿಗೆ ಇಕಾನಮಿಯಲ್ಲಿ ಜಿಎಸ್‌ಟಿ 5%, ಉಳಿದ ದರ್ಜೆಗಳಲ್ಲಿ 2025ರ ಸೆಪ್ಟೆಂಬರ್ 22ರಿಂದ 12%ರ ಬದಲು 18%. ಬಿಸಿನೆಸ್ ದರ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹಿಡಿಯಿರಿ.

ಹಂತ 8: ಸೀಟು ಹುಡುಕುವ ಕಾಲ

ಬಿಸಿನೆಸ್ ಕ್ಲಾಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೆ ಹತ್ತೂ ಪಾಯಿಂಟಿಗೆ ಸಿಗುತ್ತವೆ ಎಂದಲ್ಲ. ಪಾಯಿಂಟ್ ಸೀಟುಗಳನ್ನು ಏರ್‌ಲೈನ್ ಬೇರೆಯಾಗಿ ಎತ್ತಿಡುತ್ತದೆ. ಅವು ಹೆಚ್ಚಾಗಿ ಸಿಗುವುದು ಎರಡು ಹೊತ್ತಿನಲ್ಲಿ: ಬುಕಿಂಗ್ ತೆರೆದಾಗ, ಮತ್ತು ಹೊರಡಲು ಎರಡು ವಾರ ಇರುವಾಗ. ಬ್ರಿಟಿಷ್ ಏರ್‌ವೇಸ್ 355 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ದೂರದ ಹಾರಾಟಗಳಲ್ಲಿ ಕನಿಷ್ಠ ನಾಲ್ಕು ಬಿಸಿನೆಸ್ ಸೀಟುಗಳನ್ನು ಏವಿಯೋಸ್‌ಗೆ ಕೊಡುವುದಾಗಿ ಅದು ಭರವಸೆ ಕೊಟ್ಟಿದೆ. ಬೇಸಿಗೆ ರಜೆ, ದಸರಾ, ಡಿಸೆಂಬರ್ ಕೊನೆಗೆ ಹೋಗಬೇಕಾದವರು ಆ ಮೊದಲ ದಿನಗಳನ್ನೇ ನಂಬಬೇಕು.

ಕ್ರಿಸ್‌ಫ್ಲೈಯರ್‌ನಲ್ಲಿ ಸೇವರ್ ದರ ಕಡಿಮೆ, ಅಡ್ವಾಂಟೇಜ್ ದರ ಹೆಚ್ಚು. ಸೇವರ್ ಇಲ್ಲದಿದ್ದರೆ ಕಾಯುವ ಪಟ್ಟಿಗೆ ಹಾಕಬಹುದು. ಕಾಯುವ ಪಟ್ಟಿಯ ಮೇಲೆ ಇಡೀ ಪ್ರಯಾಣವನ್ನು ಕಟ್ಟಬೇಡಿ. ಕೈಯಲ್ಲಿ ಖಚಿತವಾದ ಇಕಾನಮಿ ಟಿಕೆಟ್ ಇರಲಿ. ಏರ್ ಫ್ರಾನ್ಸ್, ಕೆಎಲ್‌ಎಂ ಎರಡಕ್ಕೂ ಸೇರಿದ ಫ್ಲೈಯಿಂಗ್ ಬ್ಲೂ ತಿಂಗಳಿಗೊಮ್ಮೆ ಕೆಲವು ಮಾರ್ಗಗಳಿಗೆ ರಿಯಾಯಿತಿ ಪ್ರಕಟಿಸುತ್ತದೆ. ದಿನಾಂಕ ಹಿಗ್ಗಿಸಬಲ್ಲ ನಿವೃತ್ತರಿಗೆ ಅದು ಹೇಳಿ ಮಾಡಿಸಿದ್ದು.

ಹಂತ 9: ಬಿಡ್ ಮಾಡುವುದು

ಪಾಯಿಂಟ್ ಸೀಟು ಸಿಗದಿದ್ದರೆ, ಹೊರಡುವ ಕೆಲವು ದಿನ ಮೊದಲು ಇಮೇಲ್ ಬರಬಹುದು: ಮೇಲಿನ ದರ್ಜೆಗೆ ನೀವೆಷ್ಟು ಕೊಡುತ್ತೀರಿ? ಕನಿಷ್ಠ ಮೊತ್ತಕ್ಕಿಂತ ಸ್ವಲ್ಪ ಮೇಲೆ ಬಿಡ್ ಹಾಕಿ, ಮೇಲಿನ ಲೆಕ್ಕದಲ್ಲಿ ಬಂದ ಮಿತಿಯನ್ನು ದಾಟಬೇಡಿ. ಮೊತ್ತ ಒಬ್ಬರಿಗೆ ಎಂದು ತೋರಿಸಿದರೂ ಒಂದೇ ಪಿಎನ್‌ಆರ್‌ನಲ್ಲಿ ಇಬ್ಬರಿದ್ದರೆ ಸಾಮಾನ್ಯವಾಗಿ ಇಬ್ಬರಿಗೂ ಒಬ್ಬೊಬ್ಬರ ಲೆಕ್ಕದಲ್ಲಿ ಅನ್ವಯವಾಗುತ್ತದೆ. ಒಬ್ಬರನ್ನೇ ಏರಿಸುವ ಯೋಚನೆ ಇದ್ದರೆ ಮೊದಲೇ ಬೇರೆ ಬೇರೆ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿ.

ಹಂತ 10: ಹೊರಡುವ ದಿನ, ಬಂದ ಮೇಲೆ

ಅಪ್‌ಗ್ರೇಡ್ ಖಚಿತವಾದ ಕೂಡಲೇ ಹೊಸ ಇ-ಟಿಕೆಟ್ ಬಂತೇ ನೋಡಿ. ಮೊದಲು ಕಾಯ್ದಿರಿಸಿದ್ದ ಸೀಟು, ಸಸ್ಯಾಹಾರಿ ಅಥವಾ ಜೈನ ಊಟದ ಕೋರಿಕೆ, ವೀಲ್‌ಚೇರ್ ಕೋರಿಕೆ, ಇವು ದರ್ಜೆ ಬದಲಾದಾಗ ಅಳಿಸಿಹೋಗಿರಬಹುದು. ಮೂರನ್ನೂ ಫೋನಿನಲ್ಲಿ ಹೇಳಿ ಮತ್ತೆ ಹಾಕಿಸಿ. ಬ್ಯಾಗೇಜ್ ಮಿತಿ ಮತ್ತು ಲೌಂಜ್ ಪ್ರವೇಶ ಹೊಸ ದರ್ಜೆಯದೋ ಹಳೆಯದೋ ಎಂಬುದನ್ನೂ ಕೇಳಿ. ಎಲ್ಲ ಕಡೆ ಒಂದೇ ನಿಯಮವಿಲ್ಲ. ಎಮಿರೇಟ್ಸ್ ವಿಮಾನದೊಳಗೇ ಮೈಲ್ಸ್ ಕೊಟ್ಟು ಏರಲು ಅವಕಾಶ ಕೊಡುತ್ತದೆ, ಆದರೆ ಅಷ್ಟು ಹೊತ್ತಿಗೆ ಲೌಂಜಿನ ಮಾತು ಮುಗಿದಿರುತ್ತದೆ.

ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ಹಣ ಕೊಟ್ಟ ಮೂಲ ದರ್ಜೆಗೆ ತಕ್ಕ ಪಾಯಿಂಟ್ ಬರುವುದು ಸಾಮಾನ್ಯ ನಿಯಮ; ಅಪ್‌ಗ್ರೇಡ್ ಆದ ದರ್ಜೆಗಲ್ಲ. ಎರಡು ವಾರ ಕಳೆದರೂ ಅವು ಖಾತೆಗೆ ಬಾರದಿದ್ದರೆ ಟಿಕೆಟ್ ಸಂಖ್ಯೆ, ಬೋರ್ಡಿಂಗ್ ಪಾಸಿನ ಚಿತ್ರ ಹಾಕಿ ಕ್ಲೇಮ್ ಸಲ್ಲಿಸಿ. ಕ್ರಿಸ್‌ಫ್ಲೈಯರ್‌ನಲ್ಲಿ ಅದಕ್ಕೆ ಆರು ತಿಂಗಳ ಗಡುವು. ಅಮ್ಮ ಅಪ್ಪ ಅಲ್ಲಿ ಮೊಮ್ಮಗುವಿನ ಜೊತೆಗಿರುವಾಗಲೇ, ಹೋದ ದಾರಿಯ ಪಾಯಿಂಟ್‌ಗಳು ಬಂದವೇ ಎಂದು ನೋಡಿ. ಬಾರದಿದ್ದರೆ ವಾಪಸ್ ಟಿಕೆಟ್ಟಿನಲ್ಲೂ ಖಾತೆ ಸಂಖ್ಯೆ ಬಿಟ್ಟುಹೋಗಿರುವ ಸಾಧ್ಯತೆ ಇದೆ, ಅದನ್ನು ಹೊರಡುವ ಮುನ್ನವೇ ಸೇರಿಸಬಹುದು.